ಪೆಟಿಫರ್‌ಗೆ ಬಾಲ ಬಂದದ್ದು

ಊರಿಗೆ ಬಂದವನು ನೀರಿಗೆ ಬೀಳದಿರುತ್ತಾನೆಯೇ? ಗಾದೆ ಹಾಗಲ್ಲ, ಅದರಲ್ಲಿ ಬರುವವಳು ಹೆಂಗಸು, ಅವಳು ನೀರಿಗೆ ಬೀಳುವುದಿಲ್ಲ, ಕೊಡ ಹಿಡಿದು ಬರುತ್ತಾಳೆ ಎಂದು ತಿದ್ದಲು ಹೊರಟವರು ಒಂದು ಗಳಿಗೆ ತಾಳಬೇಕು. ಗಾದೆ ಕಟ್ಟಿದ ಪುಣ್ಯಾತ್ಮರು ಇಂಗ್ಲೆಂಡಿನ ವಾಡ್‌ಬರಿಯನ್ನು ಕಂಡವರಲ್ಲ. ಕಂಡಿದ್ದರೆ ಕೊಡವನ್ನು ತೆಗೆದು ಆ ಜಾಗಕ್ಕೆ ಒಂದು ತಾಮ್ರದ ಬೋಗುಣಿಯನ್ನೂ ಒಂದು ಕೆಂಪು ಕೋಳಿಯನ್ನೂ ಅವರೇ ಹಾಕಿರುತ್ತಿದ್ದರು. ಇಲ್ಲಿ ಹೇಳುವುದು ನಡೆದದ್ದು, ನಡೆದ ಹಾಗೆ. ನಂಬದವರು ಆ ಕೋಳಿಯನ್ನೇ ಕೇಳಬಹುದಿತ್ತು. ಪಾಪ, ಅದು ಈಗಿಲ್ಲ.

ಊರಿನ ಪೂರ್ತಿ ಹೆಸರು ವಾಡ್‌ಬರಿ-ಇನ್-ದಿ-ವಾಟರ್. ನೀರಿನಲ್ಲಿರುವ ವಾಡ್‌ಬರಿ ಎಂದು ಅರ್ಥ. ಆದರೆ ಊರು ನೀರಿನಲ್ಲಿದ್ದುದನ್ನು ಕಂಡವರು ಯಾರೂ ಇಲ್ಲ. ಬೇಲಿಗಳ ಸಂದಿನಲ್ಲಿ ಟಿಬ್ ಎಂಬ ಹೊಳೆಯೊಂದು ಹರಿಯುತ್ತದೆ. ಬೇಸಿಗೆಯಲ್ಲಿ ಬಾತುಕೋಳಿಗಳು ಕೂಡ ಈಜುವ ಗೋಜಿಗೆ ಹೋಗದೆ ಅದನ್ನು ನಡೆದೇ ದಾಟುತ್ತವೆ. ಹೊಳೆಯಾಚೆ ದಿಣ್ಣೆಯ ಮೇಲೆ ಇನ್ನೊಂದು ವಾಡ್‌ಬರಿ, ಅದು ವಾಡ್‌ಬರಿ-ಆನ್-ದಿ-ಹಿಲ್. ಅಲ್ಲಿಯವರು ದಿಣ್ಣೆಗಿಂತ ಮೂಗನ್ನೇ ಎತ್ತರ ಮಾಡಿಕೊಂಡ ಜನ. "ಎಲ್ರಪ್ಪಾ ನಿಮ್ಮೂರ ನೀರು? ಕುಡಿದು ಮುಗಿಸಿಬಿಟ್ರಾ?" ಎಂದು ಕೇಳುವುದು ಅವರ ತಲೆತಲಾಂತರದ ಕಸುಬು.

ಆ ಸೀಮೆಯಲ್ಲಿ ಊರಿಗೆ ಬಾಲವಿದ್ದ ಹಾಗೆ ಜನರಿಗೂ ಬಾಲವಿರುತ್ತದೆ. ಅಪ್ಪ ಇಟ್ಟ ಹೆಸರು ಚರ್ಚಿಗೆ, ಊರು ಇಟ್ಟ ಬಾಲ ಬದುಕಿಗೆ. ಕಲ್ಲುಮೆಟ್ಟಿಲು ಹತ್ತಿ ಹೋದರೆ ಸಿಗುವವಳು ಡೋರ್ಕಸ್ ಅಪ್-ದಿ-ಸ್ಟೆಪ್ಸ್. ಮರದಡಿಯ ಮನೆಯವನು ಸೈಲಸ್ ಅಂಡರ್-ದಿ-ಎಲ್ಮ್. ಆ ಮರ ಅವನ ತಾತನ ಕಾಲದಲ್ಲೇ ಗಾಳಿಗೆ ಬಿದ್ದು ಸೌದೆಯಾಗಿ ಹೋಗಿದೆ, ಆದರೂ ಸೈಲಸ್ ಅದರಡಿಯಿಂದ ಕದಲಿಲ್ಲ. ಕ್ರೌನ್ ಎಂಬ ಪಬ್ಬನ್ನು ನಡೆಸುವವಳು ಹೆಟ್ಟಿ ಬಿಹೈಂಡ್-ದಿ-ಬಾರ್. ಚರ್ಚಿಗೆ ಬಂದು ಮೊದಲ ಸಾಲಿನಲ್ಲಿ ಕೂತರೂ ಅವಳು ಬಾರಿನ ಹಿಂದಿನವಳೇ. ವಾಲ್ಟರ್ ಒಮ್ಮೆ ಚರ್ಚಿನ ಮಾಡು ದುರಸ್ತಿ ಮಾಡುವಾಗ ಜಾರಿ ಬಿದ್ದ. ಅಂದಿನಿಂದ ವಾಲ್ಟರ್ ಆಫ್-ದಿ-ರೂಫ್. ಬಿದ್ದದ್ದು ಕೆಳಗೆ ಹೂ ಕೀಳುತ್ತಿದ್ದ ಮೇಬಲ್‌ಳ ಮೇಲೆ. ಇಬ್ಬರೂ ಆಸ್ಪತ್ರೆಯಿಂದ ನೇರವಾಗಿ ಮದುವೆಗೆ ಹೋದರು. ಆಕೆ ಮೇಬಲ್ ಬಿನೀತ್, ಕೆಳಗಿದ್ದವಳು. ಎರಡು ಸಣ್ಣ ಮಾತಿನಲ್ಲಿ ಒಂದು ಸಂಸಾರದ ಪುರಾಣವೇ ಮುಗಿಯಿತು.

ಬಾಲಕ್ಕೆ ನಿಯಮ ಒಂದೇ. ಯಾರೂ ತಮ್ಮ ಬಾಲವನ್ನು ತಾವೇ ಅಂಟಿಸಿಕೊಳ್ಳುವಂತಿಲ್ಲ. ಕೇಳಿದರೆ ಕೊಡುವುದಿಲ್ಲ, ಕೊಟ್ಟರೆ ಬಿಡಿಸುವುದಿಲ್ಲ.

ಇಂಥ ಊರಿಗೆ ಬಂದು ನೆಲೆಸಿದವರು ಆಸ್ಬರ್ಟ್ ಪೆಟಿಫರ್. ಲಂಡನ್ನಿನ ಒಂದು ನಿಘಂಟು ಕಚೇರಿಯಲ್ಲಿ ತಲೆಗೂದಲು ಉದುರುವವರೆಗೂ ದುಡಿದವರು. ಸಹೋದ್ಯೋಗಿಗಳು ಆನೆ, ಆಕಾಶ, ಅಂತಃಕರಣ ಮುಂತಾದ ದೊಡ್ಡ ಮಾತುಗಳನ್ನು ಹಂಚಿಕೊಂಡು ಹೆಸರು ಮಾಡಿದರೆ, ಇವರ ಪಾಲಿಗೆ ಬಂದದ್ದು ಇನ್, ಆನ್, ಅಟ್, ಬೈ ಎಂಬ ಸೊಳ್ಳೆಮರಿಗಳು. ಪೆಟಿಫರ್ ಅವನ್ನೇ ಮಕ್ಕಳಂತೆ ಸಾಕಿದರು. ಉಳಿದವರಿಗೆ ದೇವರಲ್ಲಿ ಭಕ್ತಿ, ಇವರಿಗೆ ವಿಭಕ್ತಿಯಲ್ಲಿ. ಒಂದು ರಜೆಯಲ್ಲಿ ವಾಡ್‌ಬರಿಗೆ ಬಂದಾಗ, ಇಳಿಜಾರಿನ ತುದಿಯ ಹಳ್ಳದಲ್ಲಿರುವ ಕ್ರೌನ್‌ಗೆ ಈ ಜನ 'ಅಪ್' ಹೋಗುವುದನ್ನೂ, ಏದುಸಿರು ಬಿಡುತ್ತಾ ದಿಣ್ಣೆಯ ಮೇಲಿನ ನೆರೆಯೂರಿಗೆ 'ಡೌನ್' ಹೋಗುವುದನ್ನೂ ಕಿವಿಯಾರೆ ಕೇಳಿದರು. ಬಿಯರ್ ಎಲ್ಲಿದೆಯೋ ಅದು ಮೇಲೆ, ನೆರೆಯೂರವರು ಎಲ್ಲಿದ್ದಾರೋ ಅದು ಕೆಳಗೆ. ಭೂಗೋಳ ಬೇಕಾದರೆ ಹೊಂದಿಕೊಳ್ಳಲಿ. ಪೆಟಿಫರ್‌ಗೆ ಕಣ್ಣಲ್ಲಿ ನೀರು ಬಂತು. ನಿವೃತ್ತಿಯಾದ ವಾರವೇ ಅಲ್ಲಿಗೆ ಗಂಟುಮೂಟೆ ಸಮೇತ ಬಂದು ಇಳಿದರು.

ಬಂದು ಬಹಳ ಕಾಲವಾಯಿತು. ನೆಟ್ಟ ಗುಲಾಬಿ ಬೇಲಿ ಹತ್ತಿ ಆಚೆ ಮನೆಗೆ ಇಳಿಯಿತು. ಆದರೆ ಪೆಟಿಫರ್ ಮಾತ್ರ ಇನ್ನೂ ಮಿಸ್ಟರ್ ಪೆಟಿಫರ್ ಫ್ರಮ್ ಲಂಡನ್. ಲಂಡನ್ನಿನ ದೆಸೆಯಿಂದ! ಇಡೀ ಜನ್ಮ ಸಣ್ಣ ಮಾತುಗಳ ಚಾಕರಿ ಮಾಡಿದವರಿಗೆ ಕಡೆಗೆ ಸಿಕ್ಕಿದ್ದು ಪಂಚಮಿ ವಿಭಕ್ತಿ.

ಅದಕ್ಕಿಂತ ಕೆಟ್ಟದ್ದು ಮರ್ಯಾದೆ. ವಾಡ್‌ಬರಿಯವರು ಒಬ್ಬರನ್ನೊಬ್ಬರು ಏಕವಚನದಲ್ಲಿ ಹರಿದು ತಿನ್ನುತ್ತಾರೆ. ಪೆಟಿಫರ್ ಒಳಗೆ ಬಂದರೆ ಸಾಕು, ಎಲ್ಲರ ಬಾಯಿಗೂ ಬಹುವಚನ ಬಡಿಯುತ್ತದೆ. "ಬನ್ನಿ ಮಿಸ್ಟರ್ ಪೆಟಿಫರ್. ಕೂತ್ಕೊಳ್ಳಿ ಮಿಸ್ಟರ್ ಪೆಟಿಫರ್. ಬೆಂಕಿ ಹತ್ರ ಕೂತ್ಕೊಳ್ಳಿ, ಶೀತ ಆದೀತು." ಒಳ್ಳೆಯ ಕುರ್ಚಿ ಕೊಟ್ಟು, ಆರೋಗ್ಯ ವಿಚಾರಿಸಿ, ಆಮೇಲೆ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಇವರು ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ನಗೆ ಸಿಡಿಯುತ್ತದೆ. ಆ ನಗೆಯ ಹೊರಗೆ, ಕಂಬಳಿ ಹೊದಿಸಿ ಕೂರಿಸಿದ ನೆಂಟನ ಹಾಗೆ, ಪೆಟಿಫರ್.

ಅವರಿಗೆ ಒಂದು ಬಾಲ ಬೇಕಾಗಿತ್ತು. ಸಾಯುವುದರೊಳಗೆ, ಎಷ್ಟು ಮೋಟಾದರೂ ಸರಿ.

ಅಂಟಿಸಿಕೊಳ್ಳುವಂತಿಲ್ಲ ನಿಜ, ಅಂಟಿಕೊಳ್ಳಲು ಅವಕಾಶ ಮಾಡಿಕೊಡಬಹುದಲ್ಲ? ಊರ ನಡುವಿನ ಕೈಪಂಪಿನ ಪಕ್ಕದ ಬೆಂಚಿನ ಮೇಲೆ ದಿನಾ ಕೂರತೊಡಗಿದರು. ಆಸ್ಬರ್ಟ್ ಬೈ-ದಿ-ಪಂಪ್ ಆದೇನು ಎಂದು ಆಸೆ. ನೀರಿಗೆ ಬಂದವರು ಬೈಯಲಾದರೂ ಬೈಯಬಾರದೇ? ಅದೂ ಇಲ್ಲ. ಒಂದು ಮಧ್ಯಾಹ್ನ ಯಾರೋ ದಾರಿಹೋಕ ಬಂದು ಪಂಪು ಎಲ್ಲಿದೆ ಎಂದು ಸೈಲಸ್‌ನನ್ನು ಕೇಳಿದ. ಸೈಲಸ್ ಬೆರಳು ತೋರಿಸಿದ:

"ಅಗೋ, ಮಿಸ್ಟರ್ ಪೆಟಿಫರ್ ಕೂತವ್ರಲ್ಲ, ಅವ್ರ ಪಕ್ಕದ್ದು."

ಬಾಲ ಬಂದದ್ದು ಪಂಪಿಗೆ!

ಆಮೇಲೆ ಮನೆಯ ಮುಂದೆ ಒಂದು ಅಕ್ರೋಟಿನ ಸಸಿ ನೆಟ್ಟರು. ಮರವಾದರೆ ತಾವೂ ಒಬ್ಬ ಅಂಡರ್ ಆಗಬಹುದು. ಒಂದು ಸಂಜೆ ಕ್ರೌನ್‌ನ ಹೊರಗೆ ಬೂಟಿನ ಕೆಸರು ಕೆರೆಯುತ್ತಿದ್ದಾಗ ಒಳಗಿನಿಂದ ಸೈಲಸ್‌ನ ದನಿ ಕೇಳಿತು: "ಆ ಸಸಿ ನೆರಳು ಕೊಡೋ ಹೊತ್ಗೆ ಸಾಹೇಬ್ರು ಮರದ ಕೆಳಗಲ್ಲ ಕಣ್ರಲಾ, ಮಣ್ಣಿನ ಕೆಳಗಿರ್ತಾರೆ!" ಒಳಗೆ ಮೇಜು ಗುದ್ದುವ ಸದ್ದು. ಪೆಟಿಫರ್ ಹೊರಗೆ ನಿಂತು ಸದ್ದಿಲ್ಲದೆ ನಕ್ಕರು. ಎಂಥ ಚೆಂದದ ಮಾತು! ಅದನ್ನು ತನ್ನ ಮುಖಕ್ಕೇ ಹೇಳಬಾರದಿತ್ತೇ? ಬಾಗಿಲು ದೂಡಿದರು. ಒಳಗೆ ನಗು ಪಟ್ಟನೆ ನಿಂತು, "ಬನ್ನಿ ಮಿಸ್ಟರ್ ಪೆಟಿಫರ್, ಇವತ್ತು ಸ್ವಲ್ಪ ಮೋಡ, ಅಲ್ವಾ?" ಎಂದಿತು ಊರು.

ಕಡೆಗೆ ವಾಲ್ಟರನ ದಾರಿ ಹಿಡಿಯೋಣವೆಂದು ಏಣಿ ಹಾಕಿ ತಮ್ಮ ಮಾಡನ್ನೇ ಹತ್ತಿದರು. ನಾಲ್ಕು ಮೆಟ್ಟಿಲಾಗುವಷ್ಟರಲ್ಲಿ ಡೋರ್ಕಸ್ ಓಡಿ ಬಂದು ಏಣಿಯನ್ನು ತಬ್ಬಿ ಹಿಡಿದಳು. "ಇಳೀರಿ ಮಿಸ್ಟರ್ ಪೆಟಿಫರ್, ಈ ವಯಸ್ಸಲ್ಲಿ ಬೀಳೋದು ಚೆನ್ನಾಗಿರಲ್ಲ." ಬೀಳುವುದಕ್ಕೂ ಬಿಡದ ಮರ್ಯಾದೆ.

ಹೀಗಿರುವಾಗ ಮೇ ತಿಂಗಳು ಬಂತು, ಊರಿಗೆ ಗಡಿ ಹೊಡೆಯುವ ದಿನ ಹತ್ತಿರವಾಯಿತು. ಅಂದು ಊರಿಗೆ ಊರೇ ವಿಲೋ ಮರದ ಕೋಲು ಹಿಡಿದು ಗಡಿಯುದ್ದಕ್ಕೂ ನಡೆಯುತ್ತದೆ. ಕಂಡ ಗಡಿಕಲ್ಲಿಗೆಲ್ಲ ಬಾರಿಸುತ್ತದೆ, ಕಲ್ಲಿಗೆ ಮರೆವು ಬರದಿರಲೆಂದು. ಕೊನೆಯ ಕಲ್ಲು ಹೊಳೆಯ ನಟ್ಟನಡುವೆ ಇದೆ, ಹೆಸರು ನೆಂದಕಲ್ಲು. ಅದಕ್ಕೆ ಹೊಡೆದರೆ ಪಾದ್ರಿಯ ಪ್ರಾರ್ಥನೆ, ಆಮೇಲೆ ದಡದಲ್ಲಿ ಹಂದಿಮಾಂಸ, ಉಪ್ಪಿನಕಾಯಿ ಹಾಕಿದ ಈರುಳ್ಳಿ, ಜೀರಿಗೆ ಕೇಕು, ಪೀಪಾಯಿಗಟ್ಟಲೆ ಬಿಯರ್. ಆಚೆ ದಡದಲ್ಲಿ ದಿಣ್ಣೆಯೂರಿನವರು ನಿಂತು ಮೂಗೆತ್ತಿ ನೋಡುತ್ತಾರೆ. ಪ್ರತಿ ವರ್ಷ ಪೆಟಿಫರ್‌ಗೆ ದಡದಲ್ಲಿ ಒಂದು ಕುರ್ಚಿ, ಮೊಣಕಾಲಿಗೆ ಒಂದು ಶಾಲು.

ಆ ವಾರ ಒಂದು ಬೆಳಿಗ್ಗೆ ಟೆಲಿಫೋನ್ ಗಂಟೆ ಹೊಡೆಯಿತು. ಎತ್ತಿದರೆ ಪಾದ್ರಿ ಲವ್‌ಲಾಕ್. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಆ ದನಿಯನ್ನು ಯಾರು ಮರೆತಾರು?

"ಪೆಟಿಫರ್ ಅವರೇ, ಅಂ... ಹೇಗೆ ಹೇಳೋದು... ಒಂದು ವಿಶೇಷ. ಹಿಂದಿನ ಕಾಲದಲ್ಲಿ ಗಡಿ ಹೊಡಿಯೋವಾಗ ಕಲ್ಲುದೊರೆ ಅಂತ ಒಬ್ಬರು ಇರ್ತಿದ್ರು. ಆ ಪದ್ಧತಿ ಈ ವರ್ಷ ಮತ್ತೆ ಶುರು ಮಾಡೋಣ ಅಂತ. ಅದಕ್ಕೆ ಅಂ... ಹೇಗೆ ಹೇಳೋದು... ನೀವೇ ಸರಿ."

"ನಾನು ಏನು ಮಾಡಬೇಕು, ಪಾದ್ರಿಗಳೇ?"

"ಏನಿಲ್ಲ. ತಲೆ ಮೇಲೆ ಜಾಮ್ ಕಾಯಿಸೋ ತಾಮ್ರದ ಬೋಗುಣಿ. ಕೊರಳಿಗೆ ಈರುಳ್ಳಿ ಹಾರ. ಕಂಕುಳಲ್ಲಿ ಒಂದು ಜೀವಂತ ಕೋಳಿ. ನೆಂದಕಲ್ಲಿನ ಮೇಲೆ ನಿಂತು ಊರಿನವರ ಬಾಲ ಎಲ್ಲಾ ಒಂದೊಂದಾಗಿ ಕೂಗಬೇಕು. ಮೊದಲು ಎಲ್ಲರೂ ಅಪ್ ಕ್ರೌನ್ ಹೋಗಿ ಸೇರೋದು, ಆಮೇಲೆ ಮೆರವಣಿಗೆ."

ಅಪ್ ಕ್ರೌನ್! ಪೆಟಿಫರ್ ಕಿವಿ ನಿಮಿರಿತು. ಪಾದ್ರಿ ಲವ್‌ಲಾಕ್ ಬೇರೆ ಸೀಮೆಯಿಂದ ಬಂದವರು, ಇಳಿಜಾರನ್ನು ಇಳಿಜಾರೆಂದೇ ತಿಳಿದ ಸತ್ಯವಂತರು, ಜೊತೆಗೆ ಹೊಟ್ಟೆನೋವಿನ ನೆಪದಲ್ಲೂ ಪಬ್ಬಿಗೆ ಕಾಲಿಟ್ಟವರಲ್ಲ. ಅಷ್ಟರಲ್ಲಿ ಆ ಬದಿಯಿಂದ ಗೋಡೆ ಗಡಿಯಾರದ ಕೋಗಿಲೆ ಕೂಗಿತು: "ಕುಕ್... ಹಿಕ್... ಕೂ." ಬಿಕ್ಕಳಿಸುವ ಕೋಗಿಲೆ ಇಡೀ ಜಿಲ್ಲೆಗೆ ಒಂದೇ, ಅದು ಹೆಟ್ಟಿಯ ಬಾರಿನ ಹಿಂದೆ ತೂಗುತ್ತದೆ. ಹೆಟ್ಟಿ ಅನುಕರಣೆಯಲ್ಲಿ ಪ್ರಚಂಡೆ. ಕೆಮ್ಮಿನಿಂದ ಹಿಡಿದು ಕತ್ತೆಯವರೆಗೆ ಅವಳ ಗಂಟಲಿಗೆ ಬಾರದ್ದಿಲ್ಲ. ಡೋರ್ಕಸ್‌ಳ ದನಿಯಲ್ಲಿ ಕರೆದು ಡೋರ್ಕಸ್‌ಳ ಬೆಕ್ಕನ್ನೇ ಮನೆಗೆ ಕರೆಸಿಕೊಂಡವಳು.

ಪೆಟಿಫರ್ ರಿಸೀವರನ್ನು ಬಿಗಿಯಾಗಿ ಹಿಡಿದರು. ಸಿಟ್ಟಿನಿಂದಲ್ಲ. ಊರು ತನ್ನನ್ನು ಕೋಡಂಗಿ ಮಾಡಲು ಹೊರಟಿದೆ! ನೆಂಟನಿಗೆ ಯಾರಾದರೂ ಕೋಡಂಗಿ ವೇಷ ಹಾಕುತ್ತಾರೆಯೇ? ಕಾಫಿ ಕೊಟ್ಟು ಕಳಿಸುತ್ತಾರೆ. ಕಾಲೆಳೆಯಬೇಕಾದರೆ ಕಾಲು ನಮ್ಮ ಅಂಗಳದೊಳಗೆ ಇರಬೇಕು.

"ಆಗಲಿ ಪಾದ್ರಿಗಳೇ," ಎಂದರು, ದನಿಯನ್ನು ಆದಷ್ಟೂ ಪೆದ್ದು ಮಾಡಿಕೊಂಡು. "ಕೋಳಿ ಯಾವ ಬಣ್ಣದ್ದು?"

ಆ ಕಡೆ ಏನೋ ನುಂಗಿದ ಸದ್ದು. ಯಾರೋ ಮೇಜಿನ ಮೇಲೆ ತಲೆಯಿಟ್ಟ ಸದ್ದು.

"ಅಂ... ಹೇಗೆ ಹೇಳೋದು... ಕೆಂಪೇ ಇರಲಿ."

ರಿಸೀವರ್ ಇಟ್ಟು ಪೆಟಿಫರ್ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದರು. ಬೋಗುಣಿಯನ್ನು ಹುಳಿ ಹಚ್ಚಿ ಉಜ್ಜಿದರು. ಈರುಳ್ಳಿ ಪೋಣಿಸಿದರು. ಕೋಳಿ ಮಾತ್ರ ಇರಲಿಲ್ಲ. ಡೋರ್ಕಸ್ ಹತ್ತಿರ ಕೆಂಪು ಕೋಳಿಯೊಂದನ್ನು ಎರವಲು ಕೇಳಿದರು. "ಪಾದ್ರಿಗಳು ಹೇಳಿದಾರೆ," ಎಂದೂ ಸೇರಿಸಿದರು, ತಾವು ಪೂರ್ತಿ ಗಾಳಕ್ಕೆ ಬಿದ್ದಿದ್ದೇವೆಂಬ ಸುದ್ದಿ ಊರಿಗೆ ತಲುಪಲಿ ಎಂದು. ಅದೇ ತಪ್ಪಾಯಿತು. ಡೋರ್ಕಸ್ ಈ ಹುನ್ನಾರದಲ್ಲಿ ಇರಲೇ ಇಲ್ಲ. ಆಕೆ ಕೋಳಿಯನ್ನೇನೋ ಕೊಟ್ಟಳು, ಆದರೆ ಮೆಟ್ಟಿಲಿಳಿದು ಸೀದಾ ಚರ್ಚಿಗೆ ಹೋಗಿ, ದೇವರ ಕೆಲಸಕ್ಕೆ ಕೋಳಿ ಯಾಕೆ ಎಂದು ನಿಜವಾದ ಪಾದ್ರಿಯನ್ನೇ ಕೇಳಿಬಿಟ್ಟಳು.

ಮಧ್ಯಾಹ್ನವೇ ಪಾದ್ರಿ ಲವ್‌ಲಾಕ್ ಬಂದರು. ಕೊಡೆ ಮಡಿಸಿದರು, ಕೂತರು, ಮೂಗು ಒರೆಸಿಕೊಂಡರು. ದಯೆಯೇ ಮೂರ್ತಿವೆತ್ತ ಮನುಷ್ಯ. ದಯೆಯಿಂದ ಅಷ್ಟು ಕೆಡುಕು ಮಾಡಬಲ್ಲವರು ಬೇರೊಬ್ಬರಿಲ್ಲ.

"ಪೆಟಿಫರ್ ಅವರೇ, ಅಂ... ಹೇಗೆ ಹೇಳೋದು... ಯಾರೋ ನನ್ನ ದನೀಲಿ ನಿಮಗೆ ಮೋಸ ಮಾಡಿದಾರೆ. ಕಲ್ಲುದೊರೆ ಅಂತ ಯಾರೂ ಇರಲಿಲ್ಲ, ಯಾವ ಕಾಲದಲ್ಲೂ."

"ಗೊತ್ತು," ಎಂದರು ಪೆಟಿಫರ್.

"ಗೊತ್ತಾ?"

"ಹೆಟ್ಟಿ ಮಾಡಿದ್ದು. ಬಹಳ ಚೆನ್ನಾಗಿ ಮಾಡಿದಳು. ನಿಮಗಿಂತ ಹೆಚ್ಚು ನಿಮ್ಮ ಹಾಗೆ ಮಾತಾಡ್ತಾಳೆ."

"ಹಾಗಾದ್ರೆ ಈ ಬೋಗುಣಿ ಯಾಕೆ ಹೊಳೀತಿದೆ?"

"ನಾನು ಹಾಕ್ಕೊಂಡು ಹೋಗ್ತೀನಿ, ಅದಕ್ಕೆ."

ಪಾದ್ರಿ ಕುರ್ಚಿಯ ತುದಿಗೆ ಬಂದರು. "ಆದರೆ ಅವರು ನಗ್ತಾರೆ!"

"ನಗಲಿ ಪಾದ್ರಿಗಳೇ. ನಿಮ್ಮ ದೇವರ ದಯದಿಂದ ಹೊಟ್ಟೆ ಬಿರಿಯೋ ಹಾಗೆ ನಗಲಿ. ನೀವು ದಯವಿಟ್ಟು ಒಂದು ಮಾತೂ ಆಡಬೇಡಿ. ಗೊತ್ತೇ ಇಲ್ಲದ ಹಾಗೆ ಇದ್ದುಬಿಡಿ."

"ನಮ್ಮೂರಿಗೆ ಬಂದಿರೋ ಅತಿಥಿಗಳು ನೀವು. ಲಂಡನ್ನಿಂದ ಬಂದಿರೋ ಹಿರಿಯರು. ನಿಮ್ಮ ತಲೆ ಮೇಲೆ ಜಾಮ್ ಬೋಗುಣಿ ಕೂರೋದನ್ನ ನೋಡ್ಕೊಂಡು ನಾನು ಸುಮ್ನಿರಬೇಕಾ? ನನ್ನ ಆತ್ಮಸಾಕ್ಷಿಗೆ ಏನು ಹೇಳ್ಲಿ?"

"ಅದಕ್ಕೂ ಒಂದು ಬೋಗುಣಿ ಕೊಡಿ," ಎಂದರು ಪೆಟಿಫರ್, ಸಹನೆ ತಪ್ಪಿ.

ಒಂಟಿತನದಿಂದ ಮುದುಕನ ತಲೆ ಕೆಟ್ಟಿದೆ ಎಂದು ಪಾದ್ರಿಗೆ ಖಾತ್ರಿಯಾಯಿತು. ಯಾವ ಮಾತನ್ನೂ ಕೊಡದೆ, ಕರುಣೆ ತುಂಬಿದ ಕಣ್ಣುಗಳಿಂದ ನೋಡುತ್ತಾ ಹೊರಟುಹೋದರು. ಬಾಗಿಲಲ್ಲಿ ತಿರುಗಿ, "ಚಿಂತಿಸಬೇಡಿ, ನಾನಿದೀನಿ," ಎಂದರು. ಪೆಟಿಫರ್‌ಗೆ ಅಂದಿನಿಂದ ಅದೊಂದೇ ಚಿಂತೆ.

ಗಡಿಯ ದಿನ ಬಿಸಿಲು ಚೆನ್ನಾಗಿತ್ತು. ಹಿಂದಿನ ವಾರದ ಮಳೆಗೆ ಟಿಬ್ ಹೊಳೆ ಕೂಡ ತಾನೊಂದು ಹೊಳೆಯೆಂದು ನೆನಪು ಮಾಡಿಕೊಂಡು ಮೊಣಕಾಲು ಮಟ್ಟ ಹರಿಯುತ್ತಿತ್ತು. ಕ್ರೌನ್ ಮುಂದೆ ಊರು ಸೇರಿತ್ತು. ಆಗ ಇಳಿಜಾರಿನಲ್ಲಿ ಮೊದಲು ಕಂಡದ್ದು ಒಂದು ಉರಿಯುವ ಸೂರ್ಯ. ಹತ್ತಿರ ಬಂದಾಗ ಅದು ಬೋಗುಣಿಯಾಯಿತು. ಬೋಗುಣಿಯ ಕೆಳಗೆ ಪೆಟಿಫರ್, ಕೊರಳಲ್ಲಿ ಈರುಳ್ಳಿ, ಎಡ ಕಂಕುಳಲ್ಲಿ ಕೆಂಪು ಕೋಳಿ. ಕೋಳಿಯ ಮುಖದಲ್ಲಿ ಮಾತ್ರ ನಾಚಿಕೆಯಿತ್ತು.

ಊರು ಉಸಿರು ಬಿಗಿಹಿಡಿಯಿತು. ವಾಲ್ಟರ್ ತನ್ನ ವಿಲೋ ಕೋಲನ್ನು ಕಚ್ಚಿದ. ಮೇಬಲ್ ಬೂಟಿನ ದಾರ ಕಟ್ಟಲು ಬಗ್ಗಿದವಳು ಮೇಲೇಳಲೇ ಇಲ್ಲ. ಸೈಲಸ್ ಟೋಪಿ ತೆಗೆದು, ಅದರೊಳಗೆ ಮುಖ ಹುದುಗಿಸಿ, ಅಲ್ಲಿಂದಲೇ ಕೂಗಿದ: "ಕಲ್ಲುದೊರೆಗೆ ಜಯವಾಗ್ಲಿ!"

"ಜಯವಾಗ್ಲಿ!" ಎಂದಿತು ಊರು, ಕೊನೆಯ ಅಕ್ಷರ ಕೀರಲಾಗಿ.

ಮೆರವಣಿಗೆ ನಡೆಯಿತು. ಬೇಲಿ ಹಾರಿ, ಗದ್ದೆ ದಾಟಿ, ಕಲ್ಲು ಕಂಡಲ್ಲೆಲ್ಲ ಕೋಲು ಬಾರಿಸಿ. ಪೆಟಿಫರ್ ಬೋಗುಣಿ ಕೊಂಬೆಗೆ ಸಿಕ್ಕಿದಾಗಲೆಲ್ಲ ಠಣ್ ಎನ್ನುತ್ತಿತ್ತು. ಪ್ರತಿ ಠಣ್ಣಿಗೂ ಹಿಂದೆ ಯಾರೋ ಒಬ್ಬರು ಪೊದೆಯೊಳಗೆ ಓಡುತ್ತಿದ್ದರು. ಪೆಟಿಫರ್ ಮುಖವನ್ನು ಶಿಲೆ ಮಾಡಿಕೊಂಡಿದ್ದರು. ಒಳಗೆ ಹಾಡು. ಆದರೆ ಓರೆಗಣ್ಣಿನಲ್ಲಿ ಒಂದು ಕಪ್ಪು ಕೊಡೆ ಬೇಲಿಯಾಚೆಯಿಂದ ಬೆನ್ನು ಹತ್ತಿದ್ದು ಕಾಣುತ್ತಿತ್ತು. ಪಾದ್ರಿ. ಆತ್ಮಸಾಕ್ಷಿ ಸಮೇತ.

ಹೊಳೆಯ ದಡಕ್ಕೆ ಬಂದರು. ಆಚೆ ದಡದಲ್ಲಿ ದಿಣ್ಣೆಯೂರು ಆಗಲೇ ಹಾಜರು. "ಏನ್ರಪ್ಪಾ, ಈ ಸಲ ಅಡುಗೆಮನೆ ಸಮೇತ ಬಂದ್ರಾ?" ಎಂದು ಅಲ್ಲಿಂದ ಯಾರೋ ಕೂಗಿದರು. ಪೆಟಿಫರ್ ದಾಟುಗಲ್ಲುಗಳ ಮೇಲೆ ಕಾಲಿಡುತ್ತಾ ನಡುವಿನ ನೆಂದಕಲ್ಲನ್ನು ಏರಿದರು. ಕಲ್ಲಿಗೆ ಪಾಚಿ ಬೆಣ್ಣೆಯಂತೆ ಮೆತ್ತಿತ್ತು. ಬೋಗುಣಿ ಸರಿಮಾಡಿಕೊಂಡು, ಕೋಳಿಯನ್ನು ಒತ್ತಿ ಹಿಡಿದು, ಗಂಟಲೆತ್ತಿದರು:

"ಸೈಲಸ್ ಅಂಡರ್-ದಿ-ಎಲ್ಮ್!"

"ಇದೀನಿ ದೊರೆ!" ಎಂದ ಸೈಲಸ್, ಕಣ್ಣೊರೆಸಿಕೊಳ್ಳುತ್ತಾ.

"ವಾಲ್ಟರ್ ಆಫ್-ದಿ-ರೂಫ್! ಮೇಬಲ್ ಬಿನೀತ್!"

"ಇದೀವಿ, ಇನ್ನೂ ಹಂಗೇ ಇದೀವಿ!" ಮೇಬಲ್ ಕೂಗಿದಳು. ದಡ ಕುಲುಕಿತು.

"ಡೋರ್ಕಸ್ ಅಪ್-ದಿ-ಸ್ಟೆಪ್ಸ್! ಹೆಟ್ಟಿ ಬಿಹೈಂಡ್..."

"ನಿಲ್ಲಿಸಿ!"

ಕಪ್ಪು ಕೊಡೆ ಬೇಲಿ ಸೀಳಿಕೊಂಡು ಬಂತು. ಪಾದ್ರಿ ಲವ್‌ಲಾಕ್ ನೀರಿನ ಅಂಚಿನಲ್ಲಿ ನಿಂತು ಎರಡೂ ಕೈ ಎತ್ತಿದರು. ಮುಖ ಕೆಂಪಗಾಗಿತ್ತು, ಮೂಗು ಇನ್ನೂ ಕೆಂಪಗೆ.

"ಇದು ಅನ್ಯಾಯ! ಪೆಟಿಫರ್ ಅವರೇ, ಇಳೀರಿ! ಇವರೆಲ್ಲ ಸೇರಿ ನಿಮ್ಮನ್ನ ಮಂಗ ಮಾಡ್ತಿದಾರೆ! ನಾಚಿಕೆ ಆಗಬೇಕು ನಿಮಗೆಲ್ಲ! ಒಬ್ಬ ವಿದ್ವಾಂಸರು, ವಯಸ್ಸಾದವರು, ನಮ್ಮನ್ನ ನಂಬಿ ಬಂದವರು..."

ನಗು ಬೆಂಕಿಗೆ ನೀರು ಸುರಿದ ಹಾಗೆ ಆರಿತು. ಹೆಟ್ಟಿ ತಲೆ ತಗ್ಗಿಸಿದಳು. ವಾಲ್ಟರ್ ಬಾಯಿಂದ ಕೋಲು ತೆಗೆದ. ಸೈಲಸ್ ಟೋಪಿಯನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಆ ನಡಿಗೆಯನ್ನು ಪೆಟಿಫರ್ ಕಂಡೊಡನೆ ಗುರುತಿಸಿದರು. ಶವಸಂಸ್ಕಾರದ ನಡಿಗೆ ಅದು.

"ತಪ್ಪಾಯ್ತು," ಎಂದ ಸೈಲಸ್. "ನಾವು ಹಂಗೆ ಮಾಡಬಾರದಿತ್ತು, ಮಿಸ್ಟರ್ ಪೆಟಿಫರ್..." ತುಸು ತಡೆದು, ಇನ್ನಷ್ಟು ಮರ್ಯಾದೆ ಸೇರಿಸಿದ. "ಫ್ರಮ್ ಲಂಡನ್."

ಅಯ್ಯೋ! ಇಷ್ಟು ದೂರ ಬಂದದ್ದು ಇಷ್ಟಕ್ಕೇ? ಇನ್ನು ಯಾರೋ ಶಾಲು ತರುತ್ತಾರೆ. ಯಾರೋ ಕುರ್ಚಿ ತರುತ್ತಾರೆ. ಎಲ್ಲರೂ ಸೇರಿ ಹವಾಮಾನದ ಬಗ್ಗೆ ಮಾತಾಡುತ್ತಾರೆ, ತಾವು ಸಾಯುವವರೆಗೂ. ದಡದ ಮೇಲೆ ಡೋರ್ಕಸ್ ಆಗಲೇ ಶಾಲು ಬಿಡಿಸುತ್ತಿದ್ದಳು.

ಆಗ ಪೆಟಿಫರ್ ತಮ್ಮ ಮೂಗನ್ನು ಎರಡು ಬೆರಳಿನಿಂದ ಹಿಡಿದರು.

"ಅಂ..." ಎಂದರು. "ಹೇಗೆ ಹೇಳೋದು... ಕೋಳಿ ಕೆಂಪೇ ಇರಲಿ."

ಸಾಕ್ಷಾತ್ ಪಾದ್ರಿ. ಅಲ್ಲ, ಪಾದ್ರಿಯಲ್ಲ, ಪಾದ್ರಿಯ ವೇಷದ ಹೆಟ್ಟಿ. ಕೊನೆಯಲ್ಲಿ ನಗುವನ್ನು ನುಂಗಿದ ಗುಟುಕು ಕೂಡ ಬಿಟ್ಟಿರಲಿಲ್ಲ. ಜನ ಪಾದ್ರಿಯತ್ತ ನೋಡಿದರು, ಪಾದ್ರಿ ತಮ್ಮ ಬಾಯಿ ಮುಚ್ಚಿದೆಯೇ ಎಂದು ಮುಟ್ಟಿ ನೋಡಿಕೊಂಡರು.

"ಮೊದಲು ಎಲ್ಲರೂ ಅಪ್ ಕ್ರೌನ್ ಹೋಗಿ ಸೇರೋದು," ಎಂದು ಪೆಟಿಫರ್ ಮುಂದುವರಿಸಿದರು. ಆಮೇಲೆ ಕತ್ತು ಮುಂದೆ ಚಾಚಿ, ಕಣ್ಣು ಮೇಲೆ ಮಾಡಿ: "ಕುಕ್... ಹಿಕ್... ಕೂ!"

ಹೆಟ್ಟಿಯ ಬಾಯಿ ಪೀಪಾಯಿಯಂತೆ ತೆರೆಯಿತು. "ಎಲಾ ಮುದುಕಪ್ಪಾ!" ಎಂದಳು. "ಮೊದಲಿಂದ ಗೊತ್ತಿತ್ತಾ ನಿಂಗೆ?"

ನಿಂಗೆ! ಎಲ್ಲರ ಕಿವಿಗೂ ಬಿತ್ತು, ಎಲ್ಲರಿಗಿಂತ ಮೊದಲು ಪೆಟಿಫರ್ ಕಿವಿಗೆ. ಜೀವಮಾನವೆಲ್ಲ ಸಣ್ಣ ಮಾತುಗಳನ್ನು ತೂಗಿದ ಆ ಕಿವಿಗೆ ಇಷ್ಟು ತೂಕದ ಸಣ್ಣ ಮಾತು ಎಂದೂ ಬಿದ್ದಿರಲಿಲ್ಲ. ಹೆಟ್ಟಿಗೆ ನಮಸ್ಕರಿಸೋಣವೆಂದು ಸೊಂಟ ಬಗ್ಗಿಸಿದರು. ಬೋಗುಣಿ ಕಣ್ಣಿನ ಮೇಲೆ ಜಾರಿತು. ಕತ್ತಲೆಯಾಯಿತೆಂದು ಗಾಬರಿಯಾದ ಕೋಳಿ ರೆಕ್ಕೆ ಬಡಿದು ಬೋಗುಣಿಯ ಮೇಲೇರಲು ಹೊರಟಿತು. ಅದನ್ನು ಹಿಡಿಯಲು ಪೆಟಿಫರ್ ಒಂದು ಕಾಲೆತ್ತಿದರು. ಉಳಿದ ಕಾಲಿನ ಲೆಕ್ಕವನ್ನು ಪಾಚಿ ನೋಡಿಕೊಂಡಿತು.

ಧೊಪ್!

ನೀರು ಎರಡೂ ದಡಕ್ಕೆ ಸಮನಾಗಿ ಹಾರಿತು. ದಿಣ್ಣೆಯೂರಿನವರ ಎತ್ತಿದ ಮೂಗುಗಳು ತೊಯ್ದುಹೋದವು. ಬೋಗುಣಿ ತೆಪ್ಪವಾಗಿ ತೇಲಿಹೋಯಿತು. ಅದರ ಮೇಲೆ ಕೋಳಿ ಹಡಗಿನ ಕಪ್ತಾನನ ಹಾಗೆ ನಿಂತಿತ್ತು. ನೀರು ಇಳಿದಾಗ ನೆಂದಕಲ್ಲಿನ ಪಕ್ಕದಲ್ಲಿ, ಎದೆಮಟ್ಟದ ನೀರಿನಲ್ಲಿ ಕುಕ್ಕರುಬಡಿದು ಕೂತ ಮುದುಕ, ಕೊರಳ ಸುತ್ತ ತೇಲುವ ಈರುಳ್ಳಿಗಳು.

ಪಾದ್ರಿ ಕೊಡೆ ಚಾಚಿ ನೀರಿಗಿಳಿಯಲು ಹೊರಟರು. ಸೈಲಸ್ ಅವರ ಕೋಟಿನ ಹಿಂಬದಿ ಹಿಡಿದು ನಿಲ್ಲಿಸಿದ. ಕೂತ ಮುದುಕನನ್ನು ನೋಡಿದ, ಸುತ್ತಲಿನ ನೀರನ್ನು ನೋಡಿದ, ಆಚೆ ದಡದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ದಿಣ್ಣೆಯೂರನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಏನ್ರೋ ದಿಣ್ಣೆಯೋರೇ! ಎಲ್ಲಿ ನೀರು, ಎಲ್ಲಿ ನೀರು ಅಂತಿದ್ರಲ್ಲಾ, ಕಣ್ಬಿಟ್ ನೋಡ್ರೋ! ಇದು ನೀರು, 'ಇನ್' ಇರೋನು ನಮ್ಮೋನು!" ಎಂದು ಕೂಗಿ, ಕೋಲನ್ನು ನೆಂದಕಲ್ಲಿನತ್ತ ಚಾಚಿ ಸಾರಿದ: "ಆಸ್ಬರ್ಟ್ ಇನ್-ದಿ-ವಾಟರ್!"

"ಆಸ್ಬರ್ಟ್ ಇನ್-ದಿ-ವಾಟರ್!" ಎಂದು ಊರು ಮೊಳಗಿತು. ಸೈಲಸ್‌ಗೂ ಇಲ್ಲ, ಹೆಟ್ಟಿಗೂ ಇಲ್ಲ, ಇಡೀ ಊರಿನ ಬಾಲವೇ ಒಬ್ಬನ ಹೆಸರಿಗೆ ಬಂದದ್ದು ಅದೇ ಮೊದಲು. ಕೋಲುಗಳೆಲ್ಲ ಒಟ್ಟಿಗೆ ಕಲ್ಲಿಗೆ ಬಿದ್ದವು, ಕಲ್ಲಿಗೆ ಮರೆವು ಬರದಿರಲೆಂದು.

"ಏಳೋ ಆಸ್ಬರ್ಟಾ," ಎಂದು ಹೆಟ್ಟಿ ಸೊಂಟಕ್ಕೆ ಕೈಯಿಟ್ಟು ಗದರಿದಳು. "ನೀನು ಅಲ್ಲೇ ಕೂತ್ರೆ ಹೊಳೆ ಎಲ್ಲಾ ಈರುಳ್ಳಿ ಸಾರಾಗುತ್ತೆ!"

ಆಗ ಶುರುವಾಯಿತು ನಗು. ವಾಲ್ಟರ್ ನಕ್ಕು ನಕ್ಕು ಮತ್ತೆ ಮೇಬಲ್‌ಳ ಮೇಲೆ ಬಿದ್ದ. ಡೋರ್ಕಸ್ ಶಾಲಿನಲ್ಲಿ ತನ್ನ ಕಣ್ಣನ್ನೇ ಒರೆಸಿಕೊಂಡಳು. ದಿಣ್ಣೆಯೂರೂ ತಡೆಯಲಾರದೆ ನಕ್ಕಿತು. ಕಡೆಗೆ ಪಾದ್ರಿ ಲವ್‌ಲಾಕ್ ಕೂಡ "ಅಂ... ಹೇಗೆ..." ಎನ್ನುತ್ತಾ ಮೂಗಿನಲ್ಲೇ ನಕ್ಕುಬಿಟ್ಟರು. ಆದರೆ ಅಷ್ಟೂ ನಗೆಯ ಮೇಲೆ ಇನ್ನೊಂದು ನಗೆ ಕೇಳುತ್ತಿತ್ತು, ಬಾತುಕೋಳಿಗಳನ್ನು ಎಬ್ಬಿಸಿ, ದಿಣ್ಣೆಗೆ ಬಡಿದು ಹಿಂದಕ್ಕೆ ಬರುವಷ್ಟು ಜೋರಾಗಿ. ಏಳೆಂದರೆ ಏಳದೆ, ಎರಡೂ ಕೈಯಿಂದ ನೀರನ್ನು ಬಡಿಯುತ್ತಾ, ಹೊಳೆಯಲ್ಲಿ ಕೂತು ಹಾಗೆ ನಗುತ್ತಿದ್ದವನು ಆಸ್ಬರ್ಟ್.